ಪೊಯೆನಾ ಎಂಬ ಒಡೆದ ಕಲ್ಲು

ಮಾರ್ಚ್ 3, ಬೆಳಿಗ್ಗೆ

ಎಷ್ಟು ಒರೆಸಿದರೂ ಮೇಜಿನ ಮೇಲೆ ಕಲ್ಲಿನ ಪುಡಿ. ಕೆಳಗೆ ತಮ್ಮನ ಕೆತ್ತನೆ ಅಂಗಡಿ, ಮೇಲೆ ನಾನು. ಇನ್ನೇನು ಸಿಗುತ್ತೆ? ಇವತ್ತು ಸಿಟ್ಟು ಪುಡಿ ಮೇಲಲ್ಲ. ತಮ್ಮನ ಮೇಲೆ.

ಲಾ ಕಾಲೇಜಿನವರ ಕಲ್ಲು ನಿನ್ನೆ ಒಡೀತು. ಅವರಿಗೆ ಬಾಗಿಲ ಮೇಲೆ ಲ್ಯಾಟಿನ್ ಪದ ಬೇಕಂತೆ — ಪೊಯೆನಾ. ಅಂದರೆ ಶಿಕ್ಷೆ. ಮಕ್ಕಳು ಓದಲು ಬರೋ ಜಾಗಕ್ಕೆ ಬೇರೆ ಪದವೇ ಸಿಗಲಿಲ್ಲ ಪುಣ್ಯಾತ್ಮರಿಗೆ! ತಮ್ಮನ ಮಗಳು ಚೂಟಿ ಕೊನೆಯ ಅಕ್ಷರಕ್ಕೆ ಉಳಿ ಇಟ್ಟಳು, ಕಲ್ಲು ಎರಡು ಹೋಳು. ತಮ್ಮ ಎಲ್ಲರ ಎದುರಿಗೇ ಅವಳ ಉಳಿಗಳನ್ನು ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಜಡಿದ. "ಇನ್ನು ಮೇಲೆ ನೆಲ ಗುಡಿಸು" ಅಂದ.

ಉಳಿ ಬಿಟ್ಟರೆ ಆ ಹುಡುಗಿಗೆ ಬೇರೆ ಲೋಕವೇ ಇಲ್ಲ. ರಾತ್ರಿ ಊಟಾನೂ ಮಾಡಲಿಲ್ಲ.

ಮಾರ್ಚ್ 5

ಡಿಕ್ಷನರಿ ತೆಗೆದೆ. ಸ್ಕೂಲು ಬಿಡಿಸಿದ ಮೇಲೆ ನನಗೆ ಮೇಷ್ಟ್ರು ಅಂದರೆ ಇದೇ. ಪೊಯೆನಾ ಮೊದಲು ಶಿಕ್ಷೆಯೇ ಅಲ್ಲವಂತೆ. ಒಬ್ಬರ ರಕ್ತ ಹರಿಸಿದರೆ ಅವರ ಮನೆಯವರಿಗೆ ಕಟ್ಟಿಕೊಡಬೇಕಾದ ಪರಿಹಾರ. ಇಂಗ್ಲಿಷಿನ ಪೆನಾಲ್ಟಿ, ಪೇನ್ — ಎಲ್ಲ ಇದರ ಮೊಮ್ಮಕ್ಕಳು. ಲ್ಯಾಟಿನ್‌ನವರು ಅದನ್ನು ಬಳಸೋ ರೀತಿ ನಮ್ಮದಕ್ಕೆ ತಿರುಗುಮುರುಗು. ನಾವು ಶಿಕ್ಷೆ ಕೊಟ್ಟೆ ಅಂತ ಮೀಸೆ ತಿರುವುತ್ತೀವಿ. ಅವರಲ್ಲಿ ತಪ್ಪು ಮಾಡಿದವನು ಪೊಯೆನಾ ಕೊಡ್ತಾನೆ, ನೊಂದವನು ತಗೋತಾನೆ.

ಇಲ್ಲಿ ನೊಂದವರು ಯಾರು?

ಅದೇ ದಿನ, ಮಧ್ಯಾಹ್ನ

ಅಂಗಡಿಯಲ್ಲಿ ಕಲ್ಲು ಪಾಲಿಶ್ ಮಾಡುವಾತ ಮೆಟ್ಟಿಲ ಹತ್ತಿರ ತಡೆದ. "ದೊಡ್ಡಮ್ಮ, ನಾನು ಹೇಳಿದೆ ಅನ್ನಬೇಡಿ. ಯಜಮಾನರು ಆ ಕಲ್ಲಿಗೆ ನೀರೇ ಹೊಯ್ಯಲಿಲ್ಲ."

ಅಪ್ಪ ಹಾಕಿದ ಕ್ರಮ ಅದು. ಕಲ್ಲು ಬಂದ ಕೂಡಲೇ ನೀರು ಹೊಯ್ದು, ಒಣಗೋದನ್ನು ಕೂತು ನೋಡಬೇಕು. ಒಳಗೆ ಬಿರುಕಿದ್ದರೆ ಆ ಗೆರೆ ಮಾತ್ರ ಒದ್ದೆಯಾಗೇ ಉಳಿಯುತ್ತೆ. ಯಜಮಾನನೇ ಮಾಡಬೇಕು, ಬೇರೆಯವರು ಮುಟ್ಟೋ ಹಾಗಿಲ್ಲ. ಅವತ್ತು ಕಾಲೇಜಿನವರು ಬಂದು ಎರಡು ಮಾತು ಹೊಗಳಿದರು, ತಮ್ಮ ಉಬ್ಬಿಹೋದ. "ನೋಡಿದ್ದೀನಿ, ಶುರು ಮಾಡು" ಅಂತ ಚೂಟಿಗೆ ಅಂದುಬಿಟ್ಟ.

ನೋಡಿದ್ದನಂತೆ!

ಮಾರ್ಚ್ 6

ಕೆಳಗಿಳಿದು ಕೇಳಿದೆ.

"ನೀರು ಹೊಯ್ದಿದ್ಯಾ?"

"ಅಕ್ಕ, ಅಂಗಡಿ ವಿಷಯ ನಿನಗೆ ಬೇಡ."

"ಹೊಯ್ದಿದ್ಯಾ ಇಲ್ವಾ?"

"ಉಳಿ ಅವಳ ಕೈಲಿತ್ತು. ಶಿಕ್ಷೆ ಕೊಟ್ಟಿದ್ದೀನಿ, ಕಲೀತಾಳೆ."

"ಕೊಡಬೇಕಾದವನು ನೀನು ಕಣೋ! ತಗೋಬೇಕಾದವಳು ಅವಳು. ನೀನು ಕೆತ್ತಿಸ್ತಿರೋ ಪದಾನೇ ಹಾಗಂತೆ."

"ನಿನ್ನ ಡಿಕ್ಷನರಿ ತಲೆದಿಂಬಿನ ಕೆಳಗೆ ಇಟ್ಕೊಂಡು ಮಲಗು, ಹೋಗು."

ಚೂಟಿ ಪೊರಕೆ ಹಿಡಿದು ಅಲ್ಲೇ ನಿಂತಿದ್ದಳು. "ನೋಡಿದ್ದೀನಿ ಅಂದ್ಯಲ್ಲಪ್ಪಾ..." ಅಂದಳು, ಮೆಲ್ಲಗೆ. ಅವನು ಬೆನ್ನು ತಿರುಗಿಸಿದ. ಆ ಬೆನ್ನಿಗೆ ಒಂದು ಬಿಡೋಣ ಅನ್ನಿಸ್ತು, ಈ ವಯಸ್ಸಲ್ಲೂ.

ಮಾರ್ಚ್ 19

ಚೂಟಿ ಹೋದಳು. ಬೇರೆ ಊರು, ನನ್ನ ತಂಗಿ ಮನೆ. ಅಲ್ಲಿ ಸಮಾಧಿಕಲ್ಲು ಕೆತ್ತುವವರ ಹತ್ತಿರ ಕೆಲಸ ಸಿಕ್ಕಿದೆ. ತಂಗಿಗೆ ಕಾಗದ ಬರೆದೆ — ಹುಡುಗಿಗೆ ಆರಿದ ಊಟ ಹಾಕಬೇಡ. ಯಾಕೆ ಬಂದೆ ಅಂತ ಕೆದಕಬೇಡ. ಅವಳಾಗೇ ಹೇಳಿದರೆ ಕೆಲಸ ಬಿಟ್ಟು ಕೇಳು.

ಹೊರಡುವಾಗ ತನ್ನ ಉಳಿಗಳನ್ನು ಕೇಳಲೂ ಇಲ್ಲ ಅವಳು. ಅದೇ ನನ್ನನ್ನು ಸುಡ್ತಿದೆ.

ಏಪ್ರಿಲ್ 2, ಸಂಜೆ

ತಮ್ಮ ಮೇಲೆ ಬಂದ. ಕೂರು ಅನ್ನಲಿಲ್ಲ. ಅವನೇ ಕೂತ.

"ಅಕ್ಕ, ನಿನಗಾದರೆ ಕಾಗದ ಬರೆಯೋಕೆ ಬರುತ್ತೆ. ವಾಪಸ್ ಬಾ ಅಂತ ಚೂಟಿಗೆ ಬರಿ."

"ತಪ್ಪು ನಂದು, ಸುಳ್ಳೂ ನಂದೇ ಅಂತ ನಿನ್ನ ಹೆಸರಲ್ಲಿ ಬರೀಲಾ?"

ಅವನು ಕಿಟಕಿ ನೋಡಿದ.

"ಅದು ನನ್ನ ಅಕ್ಷರದಲ್ಲಿ ಹೋಗಬಾರದು. ನೀನೇ ಬರಿ" ಅಂದೆ.

ಪೆನ್ನು ಮುಂದಿಟ್ಟೆ. ಊರಿನ ಅರ್ಧ ಬಾಗಿಲುಗಳ ಮೇಲೆ ಇವನ ಅಕ್ಷರ ಇದೆ. ‘ಮಗಳೇ’ ಅಂತ ಬರೆದ. ಹೊಡೆದುಹಾಕಿದ. ಮತ್ತೆ ಬರೆದ.

"ಮುಂದೆ ಏನಕ್ಕಾ?"

ಹೇಳಿಕೊಡಲ್ಲ. ತಲೆ ಎತ್ತದೆ ಎದುರಿಗೇ ಕೂತು ಈ ಡೈರಿ ಬರೀತಿದ್ದೀನಿ. ಅವನ ಪೆನ್ನಿನ ಸದ್ದು ಈಗ ಮತ್ತೆ ಕೇಳ್ತಿದೆ.