ಕೆಂಪು ರಟ್ಟಿನ ನೋಟ್‌ಬುಕ್ಕಿನಲ್ಲಿ ಒಂದು ಸಹಿ ಬಾಕಿ

ಗೈಡ್ ಸರ್,

ಕ್ಷೇಮವೇ ಎಂದು ಕೇಳುವ ಹಾಗಿಲ್ಲ. ಕೇಳುವ ಮನಸ್ಸೂ ಇಲ್ಲ. ಆದರೂ ಇದನ್ನು ನಿಮಗಲ್ಲದೆ ಇನ್ಯಾರಿಗೆ ಬರೆಯಲಿ?

ಪಿಎಚ್‌ಡಿಗೆಂದು ನಿಮ್ಮ ಲ್ಯಾಬಿಗೆ ಸೇರಿದ ದಿನ ಕೆಂಪು ರಟ್ಟಿನ ನೋಟ್‌ಬುಕ್ ತೋರಿಸಿದಿರಿ. "ತಪ್ಪು ಮಾಡ್ದೋರು ಇದ್ರಲ್ಲಿ ಬರ್ದು ಸಹಿ ಹಾಕ್ಬೇಕಮ್ಮ. ನನಗೂ ಅದೇ ರೂಲು. ಎಲ್ಲಾರ್ ಮನೆ ದೋಸೇನೂ ತೂತೇ." ಮಂಡ್ಯದಿಂದ ಬಂದು ಚೆನ್ನೈನ ಎಗ್ಮೋರ್ ಸ್ಟೇಷನ್ನಿನಲ್ಲಿ ಇಳಿದವಳಿಗೆ ಕನ್ನಡದ ಗೈಡ್ ಸಿಕ್ಕಿದ್ದೇ ಪುಣ್ಯ ಅನ್ನಿಸಿತ್ತು.

ನಾಲ್ಕು ವರ್ಷ ಒಂದೇ ಕೆಲಸ. ರೇಡಾರ್ ಅಲೆ ಹಡಗಿಗೆ ಬಡಿದು ಹೇಗೆ ಚದುರುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಲೆಕ್ಕ ದೊಡ್ಡದು, ಹಾಗಾಗಿ ಹಡಗಿನ ಸುತ್ತಲ ಜಾಗವನ್ನು ತುಂಡು ಮಾಡಿ ಒಂದೊಂದು ಪ್ರೊಸೆಸರಿಗೆ ಒಂದೊಂದು ಹಂಚಬೇಕು. ಹೆಜ್ಜೆಹೆಜ್ಜೆಗೂ ಅಕ್ಕಪಕ್ಕದ ತುಂಡುಗಳು ಅಂಚಿನ ಬೆಲೆಗಳನ್ನು ಕೊಟ್ಟುಕೊಳ್ಳಬೇಕು. ಹಂಚುವ ವಿಧಾನ ನನ್ನದು, ಕೊಟ್ಟುಕೊಳ್ಳುವ ಪ್ರೋಗ್ರಾಂ ನಿಮ್ಮದು. ಒಂದೇ ಪ್ರೊಸೆಸರಿನಲ್ಲಿ ಉತ್ತರ ಸರಿ ಬರುತ್ತಿತ್ತು, ಹೆಚ್ಚಿಸಿದಷ್ಟೂ ಕೆಡುತ್ತಿತ್ತು.

ನಾಲ್ಕನೇ ವರ್ಷದ ಸೆಮಿನಾರಿನಲ್ಲಿ ಹೆದರುತ್ತಲೇ ಕೇಳಿದೆ: "ಸರ್, ನಿಮ್ಮ ಪ್ರೋಗ್ರಾಂನಲ್ಲಿ ಅಂಚಿನ ಭಾಗ ಒಂದ್ಸಲ ನೋಡೋಣ್ವಾ?" "ಅದು ನೀನ್ ಹುಟ್ಟೋಕ್ ಮುಂಚೆ ಬರ್ದಿದ್ದು, ಅದನ್ನ ಮುಟ್ಬೇಡ. ನಿನ್ ಹಂಚಿಕೇನೇ ಸರಿಯಿಲ್ಲ" ಎಂದು ಎಲ್ಲರೆದುರು ನೋಟ್‌ಬುಕ್ ಮುಂದಿಟ್ಟಿರಿ. ನನ್ನ ಹಂಚಿಕೆ ತಪ್ಪು ಎಂದು ಬರೆದು ಸಹಿ ಹಾಕಿದೆ. ಪಿಎಚ್‌ಡಿ ಅಲ್ಲಿಗೆ ನಿಂತಿತು. ಈಗ ಚೆನ್ನೈನ ಅಂಚಿಗೆ, ಮಣಲಿ ಕಡೆಯ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ಸೈನ್, ಕಾಸ್ ಹೇಳಿಕೊಡುತ್ತೇನೆ. ನಿಮ್ಮ ಮೇಲೆ ಸಿಟ್ಟು ಬರದೆ ಇನ್ನೇನು ಬರಬೇಕು?

ನೀವು ತೀರಿಹೋದ ಮೇಲೆ ನಿಮ್ಮ ಮನೆಯವರು, ನಮ್ಮೆಲ್ಲರ ಮಾಮಿ, ನನ್ನನ್ನು ಮನೆಗೆ ಕರೆಸಿದರು. "ಅವ್ರ ಕಂಪ್ಯೂಟರ್, ಪುಸ್ತಕ ಎಲ್ಲ ನೀನೇ ಎತ್ಕೊಂಡ್ ಹೋಗಮ್ಮ. ಪಿಳ್ಳೈಗಳು ವೇಂಡಾಮ್ ಅಂತಾರೆ, ಮಕ್ಳಿಗೆ ಇದ್ಯಾವ್ದೂ ಬೇಡ್ವಂತೆ" ಎಂದರು.

ಮುಟ್ಟಬೇಡ ಎಂದದ್ದನ್ನು ಮುಟ್ಟಿದೆ. ನಿಮ್ಮ ಪ್ರೋಗ್ರಾಂ ಪಕ್ಕದ ತುಂಡಿಗೆ ಈ ಹೆಜ್ಜೆಯ ಬೆಲೆ ಕೊಡುತ್ತಿರಲಿಲ್ಲ, ಹಿಂದಿನ ಹೆಜ್ಜೆಯದನ್ನು ಕೊಡುತ್ತಿತ್ತು. ಒಂದೇ ಪ್ರೊಸೆಸರ್ ಇದ್ದಾಗ ಕೊಡಲು ಪಕ್ಕದವರೇ ಇಲ್ಲ, ತಪ್ಪು ಕಾಣುವುದು ಹೇಗೆ? ಬೆಲೆ ಕೊಡುವ ಒಂದು ಸಾಲನ್ನು ಲೆಕ್ಕ ಮುಗಿಯುವ ಸಾಲಿನ ಕೆಳಗಿಳಿಸಿದೆ, ಅಷ್ಟೆ. ಮೊದಲು ಅದರ ಮೇಲೇ ಪರೀಕ್ಷಿಸು ಎಂದು ನೀವು ಹೇಳುತ್ತಿದ್ದ, ಸರಿ ಉತ್ತರ ಮೊದಲೇ ಗೊತ್ತಿರುವ ಲೋಹದ ಗೋಳದ ಲೆಕ್ಕ ಓಡಿಸಿದೆ. ಒಂದು ಪ್ರೊಸೆಸರಿನಲ್ಲೂ ಅರವತ್ತನಾಲ್ಕರಲ್ಲೂ ಒಂದೇ ಉತ್ತರ, ಸರ್. ನನ್ನ ಹಂಚಿಕೆ ಸರಿಯಾಗಿಯೇ ಇತ್ತು. ನಿಮಗೆ ಗೊತ್ತಿತ್ತೇ? ಗೊತ್ತಿದ್ದೂ ನೀವು...

ಪುಸ್ತಕಗಳ ನಡುವೆ ಆ ನೋಟ್‌ಬುಕ್ಕೂ ಇತ್ತು. ಮೊದಲ ಪುಟದಿಂದ ಕೊನೆಯವರೆಗೆ ತಿರುವಿದೆ. ನಮ್ಮೆಲ್ಲರ ಸಹಿ ಇದೆ, ನಿಮ್ಮದು ಎಲ್ಲೂ ಇಲ್ಲ. ನನ್ನ ಸಾಲನ್ನು ಹೊಡೆದುಹಾಕಿ, ಕೆಳಗೆ ನಿಮ್ಮ ತಪ್ಪನ್ನು ಬರೆದೆ. ಸಹಿಗೆ ಜಾಗ ಬಿಟ್ಟಿದ್ದೇನೆ. ಅಲ್ಲಿ ಬೇರೆ ಯಾರಿಗೂ ಸಹಿ ಹಾಕಲು ಬಿಡುವುದಿಲ್ಲ.