ಜೀವಂತ ಮೀನಿನ ಕೊಳೆತ ಕಿವಿರು

ಮಾಲಿನ್ಯ ನಿಯಂತ್ರಣದ ಮಾನ್ಯ ಅಧಿಕಾರಿಗಳೇ,

ನಮ್ಮ ಹೊಳೆಯ ನೀರು 'ತೃಪ್ತಿಕರ' ಎಂದು ಬರೆದುಕೊಟ್ಟಿದ್ದೀರಿ. ನಿಮಗೆ ತೃಪ್ತಿಯಾಗಿದೆ, ಸರಿ. ಮೀನಿಗೆ ಉಸಿರು ಕಟ್ಟಿದೆ. ಗಣಿಯ ಮೋರಿ ಹೊಳೆಗೆ ಸೇರುವುದು ಹೊಳೆ ಸೇತುವೆ ದಾಟಿದ ಮೇಲೆ; ನಿಮ್ಮವರು ಪರೀಕ್ಷೆಗೆ ಸೀಸೆ ಮುಳುಗಿಸುವುದು ಹೊಳೆ ಸೇತುವೆ ಮುಟ್ಟುವ ಮೊದಲೇ. ಜ್ವರ ಬಂದವನನ್ನು ಬಿಟ್ಟು ಪಕ್ಕದ ಮನೆಯವನ ಕಂಕುಳಿಗೆ ಥರ್ಮಾಮೀಟರ್ ಇಡುವ ಈ ವೈದ್ಯವನ್ನು ಎಲ್ಲಿ ಕಲಿತಿರಿ?

ಬಲೆ ಬೀಸುವವನು ನಾನು, ಮಾರುವವರು ನನ್ನ ಅತ್ತಿಗೆ. ಅಣ್ಣ ಹೋದ ಮೇಲೆ ಅವರ ಸಂಸಾರ ನಿಂತಿರುವುದೇ ಮಾರುಕಟ್ಟೆಯ ಆ ಒಂದು ಕಟ್ಟೆಯ ಮೇಲೆ. ಮೀನು ಕೊಳ್ಳುವವರು ಮೊದಲು ಕಿವಿರು ಎತ್ತಿ ನೋಡುತ್ತಾರೆ: ಕೆಂಪಗಿದ್ದರೆ ತಾಜಾ, ಕಂದಿದ್ದರೆ ಹಳಸಲು. ಹೋದ ವರ್ಷ ಒಬ್ಬ ಮೇಷ್ಟ್ರು ಎತ್ತಿ ನೋಡಿದರೆ ಒಳಗೆ ತುಕ್ಕು ಬಣ್ಣದ ಲೋಳೆ. "ಎಷ್ಟು ದಿನದ್ದಮ್ಮ ಇದು?" ಎಂದರು. "ಬಾಲ ಬಡೀತಾ ಇದೆಯಲ್ಲ ಸಾರ್, ಅದನ್ನೇ ಕೇಳಿ" ಎಂದರು ಅತ್ತಿಗೆ. ಸುತ್ತಲಿದ್ದವರು ನಕ್ಕರು. ಮೇಷ್ಟ್ರು ನಗಲೂ ಇಲ್ಲ, ಕೊಳ್ಳಲೂ ಇಲ್ಲ. ವಾರದೊಳಗೆ ಅತ್ತಿಗೆಗೆ ಕೊಳೆತ ಮೀನಿನವಳೆಂಬ ಹೆಸರು ಅಂಟಿತು.

ಆಗ ನಾವು ಮಾಡಿದ ತಪ್ಪನ್ನು ನಿಮ್ಮಂತೆ ಮುಚ್ಚಿಡುವುದಿಲ್ಲ. ಕಿವಿರು ಕಿತ್ತೆಸೆದು, ತಲೆ ತೊಳೆದು, ಎಂಟು ತಿಂಗಳು ಮಾರಿದೆವು. ಕೊನೆಗೆ ಕಾಲೇಜಿನ ಅಧ್ಯಾಪಕಿಯೊಬ್ಬರು ಬಿಡಿಸಿ ಹೇಳಿದರು: ಗಣಿಯ ಹುಳಿ ನೀರು ಕಬ್ಬಿಣ, ಅಲ್ಯೂಮಿನಿಯಂ ಕರಗಿಸಿಕೊಂಡು ಬರುತ್ತದೆ, ಅದು ಕಿವಿರಿಗೆ ಮೆತ್ತಿಕೊಂಡು, ಮೀನು ನೀರಿನಲ್ಲಿದ್ದೇ ಉಸಿರುಗಟ್ಟುತ್ತದೆ, ಮೊಟ್ಟೆ ಮರಿಯಾಗುವುದಿಲ್ಲ. ನಿಮ್ಮ ಮೇಲಿನ ಸಾಕ್ಷಿಯನ್ನು ನಾವೇ ದಿನಾ ಕಸದ ಬುಟ್ಟಿಗೆ ಸುರಿದಿದ್ದೆವು. ಮಾಂಸದಲ್ಲಿ ಏನೇನಿದೆ ಎಂದು ಅಧ್ಯಾಪಕಿಯನ್ನು ಕೇಳಿದರೆ, ಅದನ್ನು ಪರೀಕ್ಷಿಸಬೇಕಾದವರು ಅಧಿಕಾರಿಗಳು, ಅಂದರೆ ನೀವು, ಎಂದರು. "ಇನ್ನು ಒಂದು ಮೀನೂ ಮಾರಲ್ಲಪ್ಪ. ತಿಂದ ಮಕ್ಕಳ ಮುಖ ಹೇಗೆ ನೋಡ್ಲಿ?" ಎಂದು ಅತ್ತಿಗೆ ತಕ್ಕಡಿ ಕೆಳಗಿಟ್ಟರು.

ಈಗ ಕಿವಿರು ತೆರೆದ ಮೀನುಗಳನ್ನು ಕಟ್ಟೆಯ ಮೇಲೆ ಸಾಲಾಗಿಟ್ಟು ಬಂದವರಿಗೆಲ್ಲ ತೋರಿಸುತ್ತಾ ಕೂತಿರುತ್ತಾರೆ. ಮಾರದಿದ್ದರೆ ತಿಂಗಳ ಕೊನೆಗೆ ಕಟ್ಟೆ ಖಾಲಿ ಮಾಡು ಎಂದು ಮಾರುಕಟ್ಟೆಯ ಮೇಲ್ವಿಚಾರಕ ಗಡುವು ಕೊಟ್ಟಿದ್ದಾನೆ. ಸಂಶಯದ ಮೀನು ಮಾರಿದಷ್ಟು ದಿನ ಯಾರೂ ಕಟ್ಟೆ ಕೇಳಿರಲಿಲ್ಲ. ಇದೇನಾ ನಿಮ್ಮ ನಿಯಂತ್ರಣ?

ಗಣಿಯವರು ಮೋರಿಗೆ ನೀರು ಬಿಡಲು ತೂಬು ಎತ್ತುವುದು ಮಂಗಳವಾರ. ಅಂದೇ ಬನ್ನಿ. ಮೋರಿಯ ಕೆಳಗೆ ನಮ್ಮ ಕಣ್ಣೆದುರೇ ಸೀಸೆ ತುಂಬಿಸಿ, ಮೀನಿನ ಮಾಂಸವನ್ನೂ ಕೊಂಡೊಯ್ಯಿರಿ. ಬಂದ ಫಲಿತಾಂಶವನ್ನು ನಿಮ್ಮ ಕಡತದಲ್ಲಿ ಮಲಗಿಸದೆ, ಆ ಕಟ್ಟೆಯ ಮುಂದೆ ನಿಂತು, ಆ ಮೇಷ್ಟ್ರಿಗೂ ಕೇಳುವಂತೆ ಓದಿ. ಆಮೇಲೆ ಮೋರಿ ಮುಚ್ಚಿಸಿ. ಅಲ್ಲಿಯವರೆಗೆ ಆ ಕಟ್ಟೆಯನ್ನು ಯಾರೂ ಮುಟ್ಟಕೂಡದು.

ಇಂತಿ,
ತನ್ನ ಪಾಲಿನ ತಪ್ಪಿಗೆ ಇಲ್ಲಿ ಸಹಿ ಹಾಕಿ, ನಿಮ್ಮ ಪಾಲಿನದಕ್ಕೆ ಜಾಗ ಬಿಟ್ಟಿರುವ
ಒಬ್ಬ ಬಲೆಗಾರ