ಅಮ್ಮನ ಸುಣ್ಣದ ಡಬ್ಬಿ

೧೦ ಜೂನ್ ೧೯೬೩, ಮೂಡಬಿದ್ರೆ

ಲ್ಯಾಬಿನ ಬೀಗ ಮತ್ತೆ ಕೆಟ್ಟಿದೆ. ಪಠ್ಯಪುಸ್ತಕ ಸಮಿತಿಯವರು ಪುನಃ ಕೇಳಿದ್ದಾರೆ — ಸಿಂಥೆಸಿಸ್‌ಗೆ ಕನ್ನಡ ಏನು? ಕೆಮಿಸ್ಟ್ರಿಗಾದರೆ ಸಂಯೋಗ ಎನ್ನಬಹುದು. ಎಲೆ ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುವುದಕ್ಕೆ ಅದು ಸಾಲದು. ಬಸದಿಯ ಪಂಡಿತರನ್ನು ಕೇಳಿದೆ. "ಎರಡು ವಾದ ಜಗಳಾಡಿ ಮೂರನೆಯದು ಹುಟ್ಟಿದರೆ ಸಮನ್ವಯ, ಮಾಷ್ಟ್ರೇ. ನಿಮ್ಮ ಎಲೆಯ ಸಂಗತಿ ನನಗೆ ಗೊತ್ತಿಲ್ಲ" ಎಂದರು. ತಲೆ ಕೆಟ್ಟುಹೋಯಿತು.

೧೪ ಜೂನ್

ಬಂಟ್ವಾಳದಿಂದ ಅಕ್ಕನ ಒಕ್ಕಲು ಹುಕ್ರಪ್ಪ ಬಂದಿದ್ದ. ಪ್ರಫುಲ್ಲಕ್ಕ ಹಾಸಿಗೆ ಹಿಡಿದಿದ್ದಾಳಂತೆ. ಕುಟುಂಬ ಪಾಲಾದ ಮೇಲೆ ನಮ್ಮಿಬ್ಬರಲ್ಲಿ ಮಾತಿಲ್ಲ. ಪಾಲು ಮಾಡಿದವರು ಅಮ್ಮನ ಎಲೆಯಡಿಕೆ ಸಾಮಾನನ್ನೂ ಬಿಡಲಿಲ್ಲ. ಹರಿವಾಣ, ಕುಟ್ಟಾಣಿ ಅವಳಿಗೆ. ಹಿತ್ತಾಳೆಯ ಸುಣ್ಣದ ಡಬ್ಬಿ ನನಗೆ. ಎಲೆ ತಿನ್ನದ ನನಗೆ! ಡಬ್ಬಿ ಲ್ಯಾಬಿನ ಕಪಾಟಿನಲ್ಲಿ ಕೂತಿದೆ.

೧೬ ಜೂನ್, ಸಂಜೆ

ಹೋಗಿ ಬಂದೆ. ಅಕ್ಕ ಗೋಡೆಯ ಕಡೆ ತಿರುಗಿಯೇ ಮಲಗಿದ್ದಳು. ಅವಳ ಮಗಳು ಕಾಂತಿ ಬೆಲ್ಲ-ನೀರು ಕೊಟ್ಟಳು. ಹರಿವಾಣ ತಂದಿಟ್ಟಳು. ಎಲೆ ಉಂಟು, ಅಡಿಕೆ ಉಂಟು. ಸುಣ್ಣವಿಲ್ಲ.

"ಅಮ್ಮ ಬೇಡ ಹೇಳಿದ್ರು ಮಾವ. ಸುಣ್ಣ ನಿಮ್ಮ ಪಾಲಿಗೆ ಹೋಗಿದೆಯಲ್ವಾ ಅಂತ ಕೇಳ್ತಾರೆ."

ಸಿಟ್ಟು ಬಂತು. ಬಸ್ಸಿನಲ್ಲಿ ಅಳುವೂ ಬಂತು.

೨೩ ಜೂನ್

ಡಬ್ಬಿ ತಿಕ್ಕಿ ತೊಳೆದು, ಹೊಸ ಸುಣ್ಣ ತುಂಬಿಸಿ ಒಯ್ದೆ. ಅಕ್ಕನಿಗೀಗ ಜಗಿಯುವ ಶಕ್ತಿಯಿಲ್ಲ. ಕುಟ್ಟಾಣಿ ಎಳೆದುಕೊಂಡು ಕೂತೆ — ಮುದಿ ಅಮ್ಮನಿಗೆ ಅವಳು ಕುಟ್ಟಿ ಕೊಡುತ್ತಿದ್ದ ಹಾಗೆ. ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಕೆಂಪು ಯಾವುದರಲ್ಲೂ ಇರಲಿಲ್ಲ. ಕುಟ್ಟಿ ಮುಗಿಸಿದಾಗ ಬೆರಳೆಲ್ಲ ಕೆಂಪು.

ಅವಳ ಬಾಯಿಯ ಹತ್ತಿರ ಹಿಡಿದೆ. ತೆರೆಯಲಿಲ್ಲ. ನಾನು ಕೈ ತೆಗೆಯಲಿಲ್ಲ... ಕೊನೆಗೆ ತೆರೆದಳು. ತುಟಿ ಕೆಂಪಾಯಿತು.

"ಸುಣ್ಣ ಹೆಚ್ಚಾಯ್ತು ಮಾರಾಯ."

ಇಷ್ಟು ವರ್ಷದ ಮೇಲೆ ಅಷ್ಟೇ ಮಾತು. ನನಗೆ ಸಾಕಾಯಿತು. ಡಬ್ಬಿಯನ್ನು ಹರಿವಾಣದಲ್ಲಿಯೇ ಬಿಟ್ಟು ಬಂದೆ.

೨ ಜುಲೈ, ಬೆಳಿಗ್ಗೆ

ಸಮಿತಿಗೆ ಇವತ್ತು ಬರೆದೇ ಬಿಡುವುದು. ಒಂದು ಶಬ್ದ ಸಾಲದು. ಕೆಮಿಸ್ಟ್ರಿಗೆ ಸಂಯೋಗ, ವಾದಕ್ಕೆ ಸಮನ್ವಯ, ಎಲೆಗೆ ಸಂಶ್ಲೇಷಣೆ — ಮೂರೂ ಇರಲಿ. ಕೆಳಗೆ ಎಲೆಯಡಿಕೆಯ ಉದಾಹರಣೆ ಕೊಡುತ್ತೇನೆ, ಮಕ್ಕಳಿಗೆ ಅರ್ಥವಾಗುತ್ತದೆ. ಭಾನುವಾರ ಅಕ್ಕನಿಗೆ ಸುಣ್ಣ ಕಡಿಮೆ ಹಾಕಬೇಕು.

ಹುಕ್ರಪ್ಪ ಬಂದ. ಅಂಗಳದಲ್ಲಿಯೇ ನಿಂತಿದ್ದಾನೆ. ಒಳಗೆ ಬಾ ಎಂದರೆ ಬರುವುದಿಲ್ಲ. ಎಲೆಯಡಿಕೆ ಹಿಡಿದರೆ ಕೈ ಹಿಂದಕ್ಕೆ ಎಳೆದುಕೊಂಡ. "ಇವತ್ತು ಆಗುವುದಿಲ್ಲ ಧಣಿ."

ಸಾವಿನ ಸುದ್ದಿ ತಂದವರು ಎಲೆ ಮುಟ್ಟುವುದಿಲ್ಲ. ಅಕ್ಕ —